ಬಿಟ್ಟ ಮೂರನೇ ರಾತ್ರಿ

"ಡಾಕ್ಟ್ರೇ, ಗಾಂಜಾ ಎಣ್ಣೆ ಬಿಟ್ಟು ನೋಡಿದೆ. ಮೂರನೇ ರಾತ್ರಿಗೇ ಆ ಕನಸು ವಾಪಸ್ ಬಂತು. ಅಂದ್ರೆ ಅದೇ ನನಗೆ ಸರಿಯಾದ ಮದ್ದು ಅಲ್ವಾ?"

ಪಿಟಿಎಸ್‌ಡಿಗೆ, ಅಂದರೆ ದೊಡ್ಡ ಆಘಾತದ ನಂತರ ಮನಸ್ಸನ್ನು ಬಿಡದೆ ಕಾಡುವ ಕಾಯಿಲೆಗೆ, ಗಾಂಜಾದಿಂದ ತೆಗೆದ ಎಣ್ಣೆ, ಮಾತ್ರೆ ಬಳಸುವವರು ಇದನ್ನು ಕೇಳುತ್ತಲೇ ಇರುತ್ತಾರೆ. ಅಲ್ಲ ಅಂದರೆ ನಂಬುವುದಿಲ್ಲ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ನಿದ್ದೆಯಲ್ಲಿ ಕಣ್ಣುಗುಡ್ಡೆ ಸರಸರ ಓಡಾಡುವ ಒಂದು ಹಂತವಿದೆ. ಎದ್ದ ಮೇಲೂ ನೆನಪಿರುವ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಗಾಂಜಾದಲ್ಲಿ ಅಮಲು ಬರಿಸುವ ಅಂಶವಾದ ಟಿಎಚ್‌ಸಿ ಆ ಹಂತವನ್ನು ಅದುಮಿಡಬಲ್ಲದು. ದಿನಾ ತೆಗೆದುಕೊಂಡು ಥಟ್ಟನೆ ಬಿಟ್ಟರೆ ಅದುಮಿದ್ದು ಪುಟಿದೇಳುತ್ತದೆ. ಕನಸು ಜಾಸ್ತಿ, ಕಣ್ಣಿಗೆ ಕಟ್ಟಿದ ಹಾಗೆ. ಜೊತೆಗೆ ಸಿಡುಕು, ಬೆವರು. ಮೊದಲ ವಾರ ಜೋರಾಗಿದ್ದು, ಸಾಮಾನ್ಯವಾಗಿ 2-3 ವಾರದಲ್ಲಿ ಇಳಿಯುತ್ತದೆ. ಕೆಲವರಿಗೆ ನಿದ್ದೆಯ ಕಾಟ ಇನ್ನಷ್ಟು ದಿನ. ಬದುಕಿನಲ್ಲಿ ಯಾವ ಆಘಾತವನ್ನೂ ಕಾಣದವರು ಬಿಟ್ಟರೂ ಹೀಗೇ ಆಗುತ್ತದೆ! ಆ ಮೂರನೇ ರಾತ್ರಿ ನಿಮ್ಮ ಗಾಯದ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ನಾನು ಈ ಮದ್ದುಗಳ ವಿರೋಧಿಯಲ್ಲ. ನಮ್ಮ ಮಿದುಳೇ ಇಂಥದೊಂದು ವಸ್ತುವನ್ನು ತಯಾರಿಸುತ್ತದೆ. 1992ರಲ್ಲಿ ಅದನ್ನು ಪತ್ತೆ ಹಚ್ಚಿದವರು 'ಆನಂದ' ಪದದಿಂದಲೇ ಅನಂದಮೈಡ್ ಎಂದು ಹೆಸರಿಟ್ಟರು. ಹಳೆಯ ಭಯ ಕರಗುವುದರಲ್ಲಿ ಅದಕ್ಕೂ ಪಾತ್ರವಿದೆ, ಹಾಗಾಗಿ ಆಸೆಗೆ ಕಾರಣವಿದೆ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಟಿಎಚ್‌ಸಿಯನ್ನೇ ಹೋಲುವ ಕೃತಕ ಮದ್ದಾದ ನ್ಯಾಬಿಲೋನ್ ಅನ್ನು ಕೆನಡಾದ 10 ಸೈನಿಕರ ಮೇಲೆ ಪರೀಕ್ಷಿಸಿದಾಗ ಕೆಟ್ಟ ಕನಸು ಕಡಿಮೆಯಾಯಿತು. ಹತ್ತೇ ಜನ, ನೆನಪಿರಲಿ. 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 80 ಮಾಜಿ ಸೈನಿಕರಲ್ಲಿ ಹೆಚ್ಚಿನವರು 3 ವಾರ ಗಾಂಜಾ ಸೇದಿದರು. ಅವರಿಗೂ, ಮದ್ದಿನ ಅಂಶವಿಲ್ಲದ್ದನ್ನು ಸೇದಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅಪಘಾತದಲ್ಲಿ ತಮ್ಮನನ್ನು ಕಳೆದುಕೊಂಡ ಒಬ್ಬರು ನನ್ನಲ್ಲಿಗೆ ಬರುತ್ತಾರೆ. ಎರಡು ವರ್ಷ ಈ ಗಾಂಜಾ ಎಣ್ಣೆ ತೆಗೆದುಕೊಂಡು ಚೆನ್ನಾಗಿ ಮಲಗಿದರು. ಆದರೆ ಕಾರಿನ ಮುಂದಿನ ಸೀಟಿನಲ್ಲಿ ಒಂದು ದಿನವೂ ಕೂರಲಿಲ್ಲ. ನಿದ್ದೆ ಬಂದಿತ್ತು, ಭಯ ಇದ್ದಲ್ಲೇ ಇತ್ತು. ಆ ನೆನಪನ್ನು ಎದುರಿಗಿಟ್ಟುಕೊಂಡು ಮಾತಾಡುವ ಚಿಕಿತ್ಸೆ ಬೇಕಿತ್ತು. ಅದು ಕಷ್ಟ, ಆದರೆ ಗಟ್ಟಿ ಪುರಾವೆ ಇರುವುದು ಅದಕ್ಕೇ.

ನೀವು ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಮುಚ್ಚಿಡಬೇಡಿ. ಗಾಂಜಾದ ಇನ್ನೊಂದು ಅಂಶವಾದ ಸಿಬಿಡಿ, ನೀವು ನುಂಗುವ ಬೇರೆ ಕೆಲವು ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಇದನ್ನು ಓದಿ ಇವತ್ತೇ ನಿಲ್ಲಿಸಲೂ ಬೇಡಿ. ವೈದ್ಯರ ಜೊತೆ ಕೂತು ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ತಮ್ಮನನ್ನು ಕಳೆದುಕೊಂಡ ಅವರೂ ಹಾಗೇ ಇಳಿಸಿದರು, ಮಾತಿನ ಚಿಕಿತ್ಸೆಗೂ ಬಂದರು. ಕಳೆದ ಸಲ ಮುಂದಿನ ಸೀಟಿನಲ್ಲೇ ಕೂತು ಬಂದಿದ್ದರು. ಸೀಟ್ ಬೆಲ್ಟ್ ಬಿಗಿಯಾಗಿ ಹಿಡಿದ ಗೆರೆ ಅಂಗೈಯಲ್ಲಿ ಇನ್ನೂ ಕೆಂಪಗಿತ್ತು.