ಏಜೆಂಟ್ ಹೇಳಿದ ಸಾಲಿಸಿಟರನ್ನೇ ಹಿಡಿಯಬೇಕಾ?

ಪ್ರಶ್ನೆ: ನಾವು ಇಂಗ್ಲೆಂಡಿಗೆ ಬಂದು ಆರು ವರ್ಷವಾಯಿತು. ರೀಡಿಂಗ್‌ನಲ್ಲಿ ಒಂದು ಮನೆ ನೋಡಿದ್ದೇವೆ, ಆಫರ್ ಒಪ್ಪಿದ್ದಾರೆ. ಎಸ್ಟೇಟ್ ಏಜೆಂಟ್ ‘ಮನೆ ಕಾಗದಪತ್ರಕ್ಕೆ ನಮ್ಮ ಸಾಲಿಸಿಟರನ್ನೇ (ವಕೀಲರನ್ನೇ) ಇಟ್ಟುಕೊಳ್ಳಿ, ಬೇಗ ಕೆಲಸ ಆಗುತ್ತದೆ’ ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಒಪ್ಪಬಹುದಾ? ಡಿಪಾಸಿಟ್‌ಗೆ ಸ್ವಲ್ಪ ದುಡ್ಡು ಹಾಸನದಿಂದ ಅಪ್ಪ ಕಳಿಸುತ್ತಾರೆ.

ಉತ್ತರ: ಒಪ್ಪಲೇಬೇಕು ಅಂತೇನಿಲ್ಲ. ‘ನಮ್ಮವರು ಬೇಡ ಅಂದರೆ ಮನೆ ನಿಮಗಿಲ್ಲ’ ಅಂತ ಏಜೆಂಟ್ ಹೇಳುವ ಹಾಗೇ ಇಲ್ಲ. ಅವರು ಇಷ್ಟು ಬೆನ್ನು ಬೀಳುವುದಕ್ಕೆ ಎಷ್ಟೋ ಸಲ ಕಾರಣ ರೆಫರಲ್ ಫೀ. ನಿಮ್ಮನ್ನು ಕಳಿಸಿದ್ದಕ್ಕೆ ಸಾಲಿಸಿಟರ್ ಅವರಿಗೆ ಕೊಡುವ ದುಡ್ಡು ಅದು. ‘ನಿಮಗೆ ಎಷ್ಟು ಬರುತ್ತದೆ?’ ಅಂತ ನೇರವಾಗಿ ಕೇಳಿ, ಅದನ್ನು ಮುಚ್ಚಿಡುವಂತಿಲ್ಲ. ಹಾಗಂತ ಏಜೆಂಟ್ ಹೇಳಿದವರೆಲ್ಲ ಕೆಟ್ಟವರೂ ಅಲ್ಲ. ಇನ್ನೂ ಮೂರು ಕಡೆಯಿಂದ ಕೋಟ್ (ಫೀಸಿನ ಅಂದಾಜು) ತರಿಸಿ, ಇವರನ್ನೂ ಆ ಸಾಲಿನಲ್ಲಿ ನಿಲ್ಲಿಸಿ ನೋಡಿ.

ನನಗೆ ನಿಮ್ಮ ಪ್ರಶ್ನೆಗಿಂತ ಕೊನೆಯ ಸಾಲೇ ದೊಡ್ಡದಾಗಿ ಕಂಡಿತು. ಅಪ್ಪನ ದುಡ್ಡಿನ ಮಾತು.

ಊರಲ್ಲಾದರೆ ವಕೀಲರು ಇಸಿ ತೆಗೆಸಿ, ಮೂಲಪತ್ರ ನೋಡಿ, ಅಭಿಪ್ರಾಯ ಬರೆದುಕೊಡುತ್ತಾರೆ. ದುಡ್ಡು ಕೊಡುವುದು, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಹಿ ಹಾಕುವುದು ನಾವೇ. ಇಲ್ಲಿ ಹಾಗಲ್ಲ. ನಿಮ್ಮ ಡಿಪಾಸಿಟ್ಟೂ ಬ್ಯಾಂಕಿನ ಸಾಲದ ಹಣವೂ ಸಾಲಿಸಿಟರ್ ಖಾತೆಯ ಮೂಲಕವೇ ಹೋಗಬೇಕು. ಹಾಗಾಗಿ ಪ್ರತಿ ಪೌಂಡ್ ಎಲ್ಲಿಂದ ಬಂತು ಅಂತ ಅವರು ಕೇಳಲೇಬೇಕು. 2017ರ ಮನಿ ಲಾಂಡರಿಂಗ್ ನಿಯಮಗಳು ಅವರ ತಲೆಯ ಮೇಲೆ ತೂಗುತ್ತಿರುತ್ತವೆ. ಅಪ್ಪನ ಗುರುತಿನ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ‘ಇದು ಉಡುಗೊರೆ, ಸಾಲವಲ್ಲ, ಮನೆಯಲ್ಲಿ ನನಗೆ ಪಾಲು ಬೇಡ’ ಅನ್ನುವ ಪತ್ರ, ಇಷ್ಟಂತೂ ಕೇಳುತ್ತಾರೆ. ಅಪ್ಪ ಸೈಟು ಮಾರಿ ಕಳಿಸುತ್ತಿದ್ದರೆ ಅದರ ಕ್ರಯಪತ್ರವನ್ನೂ ಕೇಳಬಹುದು. ಅದು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು.

ನಾವು ಮನೆ ಕೊಂಡಾಗ ಎಡವಿದ್ದು ಇಲ್ಲೇ. ತೀರಾ ಅಗ್ಗದ ಕೋಟ್ ಕೊಟ್ಟ ಒಂದು ಫರ್ಮನ್ನು ಹಿಡಿದೆವು. ಮೊದಲ ದಿನವೇ ‘ಮಾವ ಊರಿಂದ ದುಡ್ಡು ಕಳಿಸುತ್ತಾರೆ’ ಅಂತ ಹೇಳಿದ್ದೆ. ಕ್ರಯಪತ್ರದ ಅನುವಾದ ಬೇಕು ಅಂತ ಅವರಿಗೆ ನೆನಪಾಗಿದ್ದು ಎರಡು ತಿಂಗಳಾದ ಮೇಲೆ. ಇಲ್ಲಿ ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ ಆಗುವವರೆಗೆ, ಅಂದರೆ ಸಹಿ ಹಾಕಿದ ಕರಾರು ಕೈ ಬದಲಾಗುವವರೆಗೆ, ಎರಡೂ ಕಡೆಯವರು ಹಿಂದೆ ಸರಿಯಬಹುದು. ಮಾರುವವರು ಬೇರೆ ಗಿರಾಕಿ ನೋಡುತ್ತೇವೆ ಅಂತ ಶುರು ಮಾಡಿದರು. ಆ ಎರಡು ವಾರ ನಿದ್ದೆ ಮಾಡಿದ ನೆನಪಿಲ್ಲ. ಅದಕ್ಕೇ ಹೇಳುತ್ತೇನೆ, ಕೋಟ್ ಕೇಳುವಾಗಲೇ ‘ಭಾರತದಿಂದ ಬರುವ ಉಡುಗೊರೆ ಹಣದ ಫೈಲು ಮಾಡಿದ್ದೀರಾ? ಏನೇನು ಕಾಗದ ಬೇಕು?’ ಅಂತ ಕೇಳಿ. ಪಟಪಟ ಅಂತ ಪಟ್ಟಿ ಹೇಳಿದರೆ ಸರಿ. ‘ಆಮೇಲೆ ನೋಡೋಣ’ ಅಂದರೆ ಮುಂದಿನವರಿಗೆ ಫೋನ್ ಮಾಡಿ. ಅಂದಹಾಗೆ, ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಯೋಜನೆ) ಲೆಕ್ಕದಲ್ಲಿ ಅಪ್ಪ ಒಂದು ಹಣಕಾಸು ವರ್ಷದಲ್ಲಿ ಕಳಿಸಬಹುದಾದ್ದು 2,50,000 ಡಾಲರ್‌ವರೆಗೆ.

ನೀವು ಕೇಳದ ಇನ್ನೊಂದು ವಿಷಯ. ಊರಲ್ಲಿ ನಿಮ್ಮ ಹೆಸರಲ್ಲೋ ಹೆಂಡತಿಯ ಹೆಸರಲ್ಲೋ ಮನೆ ಇದೆಯಾ? ಅಜ್ಜನ ಮನೆಯಲ್ಲಿ ಪಾಲು ಬಂದಿದೆಯಾ? ‘ಅದು ಭಾರತದಲ್ಲಿ, ಇಲ್ಲಿಗೇನು ಸಂಬಂಧ’ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಂಬಂಧ ಇದೆ. ಸ್ಟ್ಯಾಂಪ್ ಡ್ಯೂಟಿಯಲ್ಲಿ ಮೊದಲ ಮನೆಯ ರಿಯಾಯಿತಿ ಬೇಕಾದರೆ ಕೊಳ್ಳುವವರಲ್ಲಿ ಯಾರೊಬ್ಬರಿಗೂ ಪ್ರಪಂಚದ ಎಲ್ಲಿಯೂ, ಯಾವತ್ತೂ ಮನೆ ಇದ್ದಿರಬಾರದು. ಪಿತ್ರಾರ್ಜಿತವಾಗಿ ಬಂದಿದ್ದೂ ಲೆಕ್ಕಕ್ಕೆ ಬರುತ್ತದೆ. ಅಷ್ಟೇ ಅಲ್ಲ, ಈಗಲೂ ಬೇರೆ ಮನೆ ಇದ್ದು, ಅದರಲ್ಲಿ ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಜಾಸ್ತಿ ಇದ್ದರೆ, ಹೊಸ ಮನೆಯ ಪೂರ್ತಿ ಬೆಲೆಯ ಮೇಲೆ 5% ಹೆಚ್ಚುವರಿ ತೆರಿಗೆ ಬೀಳಬಹುದು. ಗಂಡ ಹೆಂಡತಿಯನ್ನು ಇದಕ್ಕೆ ಒಂದೇ ಎಂದು ನೋಡುತ್ತಾರೆ.

2025ರ ಏಪ್ರಿಲ್‌ನಿಂದ ಬಂದ ದರದಲ್ಲಿ 4 ಲಕ್ಷ ಪೌಂಡ್ ಮನೆಗೆ ಲೆಕ್ಕ ಹಾಕಿ ನೋಡಿ. ಮೊದಲ ಮನೆಯಾದರೆ 5,000 ಪೌಂಡ್. ರಿಯಾಯಿತಿ ಇಲ್ಲದಿದ್ದರೆ 10,000. ಹೆಚ್ಚುವರಿಯೂ ಸೇರಿದರೆ 30,000! ಸಾಲಿಸಿಟರ್ ಫೀಸಿನಲ್ಲಿ ಇನ್ನೂರು ಪೌಂಡ್ ಉಳಿಸಲು ವಾರಗಟ್ಟಲೆ ಹುಡುಕುವವರು ಇದನ್ನು ಕೇಳುವುದೇ ಇಲ್ಲ. ವಿನಾಯಿತಿಗಳೂ ಇವೆ. ಬರೀ ಖಾಲಿ ಸೈಟು ಮನೆಯಲ್ಲ. ಅರ್ಧ ಅಥವಾ ಅದಕ್ಕಿಂತ ಕಡಿಮೆ ಪಾಲು ಪಿತ್ರಾರ್ಜಿತವಾಗಿ ಬಂದು ಇನ್ನೂ ಮೂರು ವರ್ಷ ಆಗಿಲ್ಲದಿದ್ದರೆ ಹೆಚ್ಚುವರಿಗೆ ಅದನ್ನು ಹಿಡಿಯುವುದಿಲ್ಲ. ಒಟ್ಟು ಕುಟುಂಬದ ಆಸ್ತಿಯಾದರೆ ತೊಡಕು ಜಾಸ್ತಿ, ಆಗ ತೆರಿಗೆ ಗೊತ್ತಿರುವವರನ್ನು ಬೇರೆಯಾಗಿ ಕೇಳುವುದೇ ಸರಿ. ‘ಊರಲ್ಲಿ ಏನಾದರೂ ಇದೆಯಾ?’ ಅಂತ ತಾವಾಗಿ ಕೇಳುವ ಸಾಲಿಸಿಟರ್ ಸಿಕ್ಕರೆ ನೂರು ಪೌಂಡ್ ಜಾಸ್ತಿಯಾದರೂ ಬಿಡಬೇಡಿ.

ಇನ್ನು ಕೋಟ್. ಮೊದಲ ಪುಟದ ಅಂಕಿ ನೋಡಿ ಮರುಳಾಗಬೇಡಿ. ಕೆಳಗೆ ಸಣ್ಣಕ್ಷರದಲ್ಲಿ ಉಡುಗೊರೆ ಹಣಕ್ಕೆ ಬೇರೆ, ಬ್ಯಾಂಕ್ ಮೂಲಕ ಹಣ ಕಳಿಸಲು ಬೇರೆ, ಸ್ಟ್ಯಾಂಪ್ ಡ್ಯೂಟಿ ಫಾರಂ ತುಂಬಲು ಬೇರೆ ಅಂತ ಇರುತ್ತದೆ. ಲೀಸ್‌ಹೋಲ್ಡ್ (ದೀರ್ಘ ಗುತ್ತಿಗೆಯ) ಫ್ಲಾಟ್ ಆದರೆ ಅದಕ್ಕೂ ಒಂದು. ಮೇಲೆ 20% ವ್ಯಾಟ್. ಸರ್ಚ್‌ಗಳ (ಮನೆಯ ಬಗ್ಗೆ ಕೌನ್ಸಿಲ್ ಮುಂತಾದ ಕಡೆ ಮಾಡಿಸುವ ವಿಚಾರಣೆಗಳ) ಖರ್ಚೂ ಸೇರಿಸಿ ಕೊನೆಯ ಮೊತ್ತವನ್ನೇ ಬರೆದುಕೊಡಿ ಅನ್ನಿ.

ಫರ್ಮು ನಿಮ್ಮ ಬ್ಯಾಂಕಿನ ಪ್ಯಾನೆಲ್‌ನಲ್ಲಿ, ಅಂದರೆ ಸಾಲ ಕೊಡುವ ಬ್ಯಾಂಕು ಒಪ್ಪಿದ ಫರ್ಮುಗಳ ಪಟ್ಟಿಯಲ್ಲಿ, ಇದೆಯಾ ಅಂತಲೂ ಕೇಳಿ. ಇಲ್ಲದಿದ್ದರೆ ಬ್ಯಾಂಕು ತನ್ನ ಕಡೆಯಿಂದ ಇನ್ನೊಬ್ಬರನ್ನು ಇಡಬಹುದು, ಖರ್ಚು ನಿಮ್ಮದು. ಸಾಲಿಸಿಟರೇ ಆಗಬೇಕೆಂದಿಲ್ಲ, ಲೈಸೆನ್ಸ್ಡ್ ಕನ್ವೇಯನ್ಸರ್ (ಆಸ್ತಿ ವರ್ಗಾವಣೆ ಕೆಲಸಕ್ಕೆ ಪರವಾನಗಿ ಪಡೆದವರು) ಕೂಡ ಇದೇ ಕೆಲಸ ಮಾಡುತ್ತಾರೆ. ಸಾಲಿಸಿಟರ್‌ಗಳ ಹೆಸರನ್ನು ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿಯ ಪಟ್ಟಿಯಲ್ಲಿ, ಇವರದನ್ನು ಕೌನ್ಸಿಲ್ ಫಾರ್ ಲೈಸೆನ್ಸ್ಡ್ ಕನ್ವೇಯನ್ಸರ್ಸ್ ಪಟ್ಟಿಯಲ್ಲಿ ನೋಡಿಕೊಳ್ಳಿ, ಐದು ನಿಮಿಷದ ಕೆಲಸ.

ನಿಮ್ಮ ಫೈಲು ಯಾರ ಮೇಜಿನ ಮೇಲೆ ಇರುತ್ತದೆ, ಅವರಿಗೆ ನೇರ ಫೋನ್ ಇದೆಯಾ, ಅವರು ರಜೆ ಹೋದರೆ ಯಾರು ನೋಡುತ್ತಾರೆ, ಇದನ್ನೂ ಕೇಳಿ. ಫೋನ್ ಮಾಡಿದಾಗಲೆಲ್ಲ ಹೊಸಬರು ಸಿಕ್ಕಿ, ಮೊದಲಿನಿಂದ ಕತೆ ಹೇಳಿಸಿಕೊಳ್ಳುವ ಕಡೆ ಹೋಗಬೇಡಿ.

ಆ ನಂಬರ್ ಕೊನೆಯಲ್ಲೂ ಬೇಕಾಗುತ್ತದೆ. ಹಣ ಕಳಿಸುವ ಹೊತ್ತಿಗೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಸಾಲಿಸಿಟರ್ ಹೆಸರಲ್ಲಿ ಈಮೇಲ್ ಬಂದರೆ ಅದು ಕಳ್ಳರದ್ದು ಅಂತಲೇ ತಿಳಿಯಿರಿ. ಮೊದಲೇ ಬರೆದಿಟ್ಟುಕೊಂಡ ನಂಬರಿಗೆ ನೀವೇ ಫೋನ್ ಮಾಡಿ, ಖಾತೆಯ ಅಂಕಿಗಳನ್ನು ಒಂದೊಂದಾಗಿ ಓದಿಸಿಕೊಂಡ ಮೇಲೆಯೇ ಕಳಿಸಿ.