ಅಡ್ಮಿನ್ ಪಾಸ್‌ವರ್ಡ್ ಬೇಡ, ಫೋಲ್ಡರ್ ಯಾವುದು ಹೇಳಿ

ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವುದು ಬೇರೆ, ದಿನಾ ಅದರಲ್ಲಿ ಬಿಲ್ ಹೊಡೆಯುವುದು ಬೇರೆ. ಮೊದಲನೆಯದಕ್ಕೆ ಅಡ್ಮಿನ್ ಅಧಿಕಾರ, ಅಂದರೆ ಇಡೀ ಕಂಪ್ಯೂಟರನ್ನು ಬದಲಿಸುವ ಅಧಿಕಾರ ಬೇಕು, ಎರಡನೆಯದಕ್ಕೆ ಸಾಮಾನ್ಯವಾಗಿ ಬೇಡ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೂ "ಸಾರ್, ಸಾಫ್ಟ್‌ವೇರ್ ಓಪನ್ ಆಗ್ತಿಲ್ಲ, ಪಾಸ್‌ವರ್ಡ್ ಹೇಳಿ" ಅನ್ನುವ ಫೋನು ನಿಂತಿಲ್ಲ.

ಅಂಗಡಿಗಳಲ್ಲಿ, ಸಹಕಾರ ಸಂಘಗಳಲ್ಲಿ ನಾನು ನೋಡುವ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ವಿಂಡೋಸ್ ಎಕ್ಸ್‌ಪಿ ಕಾಲದವು. ವಿಷುಯಲ್ ಬೇಸಿಕ್ 6ರಲ್ಲಿ ಬರೆದವು, ಲೆಕ್ಕವೆಲ್ಲ ಒಂದೇ ಎಂಡಿಬಿ ಫೈಲಿನಲ್ಲಿ (ಮೈಕ್ರೋಸಾಫ್ಟ್ ಆ್ಯಕ್ಸೆಸ್ ಡೇಟಾಬೇಸ್ ಫೈಲು). ಆಗ ಹೆಚ್ಚಿನವರು ಅಡ್ಮಿನ್ ಆಗಿಯೇ ಲಾಗಿನ್ ಆಗುತ್ತಿದ್ದರು. ಹಾಗಾಗಿ ಬರೆದವರು ಡೇಟಾವನ್ನೂ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುವ ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಒಳಗೇ ಇಟ್ಟುಬಿಟ್ಟರು. ಆ ಫೋಲ್ಡರನ್ನು ಸಾಮಾನ್ಯ ಯೂಸರ್ ಓದಬಹುದು, ಅಲ್ಲಿರುವ ಪ್ರೋಗ್ರಾಂ ಓಡಿಸಬಹುದು, ಆದರೆ ಬರೆಯುವಂತಿಲ್ಲ. 2007ರಲ್ಲಿ ವಿಂಡೋಸ್ ವಿಸ್ತಾ ಬಂದ ಮೇಲೆ ಅಡ್ಮಿನ್ ಖಾತೆಯವರೂ ಸುಮ್ನೆ ಡಬಲ್ ಕ್ಲಿಕ್ ಮಾಡಿದರೆ ಸಾಮಾನ್ಯ ಯೂಸರ್ ಲೆಕ್ಕವೇ. ಅಂದರೆ ನಿಮ್ಮ ಸಾಫ್ಟ್‌ವೇರ್‌ಗೆ ಬೇಕಾಗಿರುವುದು ಅಡ್ಮಿನ್ ಅಲ್ಲ, ಒಂದು ಫೋಲ್ಡರಿನಲ್ಲಿ ಬರೆಯುವ ಅನುಮತಿ. ಅಷ್ಟಕ್ಕೆ ಅಡ್ಮಿನ್ ಪಾಸ್‌ವರ್ಡ್ ಕೊಡುವುದೆಂದರೆ, ಗಲ್ಲಾಪೆಟ್ಟಿಗೆ ಬೀಗದ ಕೈ ಕೇಳಿದ ಹುಡುಗನಿಗೆ ಮನೆಪತ್ರ ಕೊಟ್ಟ ಹಾಗೆ.

"ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಟ್ಟರೆ ಓಡುತ್ತಲ್ಲ" ಅನ್ನುತ್ತಾರೆ. ಓಡುತ್ತದೆ. ಜೊತೆಗೆ ಬೇರೆ ತಲೆನೋವು ಶುರುವಾಗುತ್ತದೆ. ಝಡ್ ಡ್ರೈವ್ ಅಂತ ಜೋಡಿಸಿಕೊಂಡ ಸರ್ವರಿನ ಫೋಲ್ಡರ್ ಸಾಫ್ಟ್‌ವೇರ್ ಒಳಗಿನಿಂದ ಕಾಣುವುದಿಲ್ಲ, ಯಾಕೆಂದರೆ ಅಡ್ಮಿನ್ ಆಗಿ ಓಡುವಾಗ ಅದು ಬೇರೆಯೇ ಲಾಗಿನ್ ಸೆಷನ್. ಗುಮಾಸ್ತರ ಖಾತೆಯಲ್ಲಿ ಮಾಲೀಕರ ಪಾಸ್‌ವರ್ಡ್ ಹೊಡೆದರೆ ಪ್ರೋಗ್ರಾಂ ಮಾಲೀಕರ ಹೆಸರಿನಲ್ಲಿ ಓಡುತ್ತದೆ. ಸೆಟ್ಟಿಂಗ್ ಅವರದು, ಡಿಫಾಲ್ಟ್ ಪ್ರಿಂಟರ್ ಅವರದು. ಕನ್ನಡ ಟೈಪಿಂಗ್ ತಂತ್ರಾಂಶ ಬಳಸುವವರಿಗೆ ಇನ್ನೊಂದು ತಮಾಷೆ: ಅದು ಸಾಮಾನ್ಯವಾಗಿ ಓಡುತ್ತಿದ್ದು ಬಿಲ್ಲಿಂಗ್ ಕಿಟಕಿ ಮಾತ್ರ ಅಡ್ಮಿನ್ ಆಗಿದ್ದರೆ, ಎಷ್ಟೋ ಸಲ ಆ ಕಿಟಕಿಯಲ್ಲಿ ಕನ್ನಡ ಮೂಡುವುದೇ ಇಲ್ಲ. ಕೆಳಗಿನ ಅಧಿಕಾರದ ಪ್ರೋಗ್ರಾಂ ಮೇಲಿನದಕ್ಕೆ ಕೀಲಿ ಒತ್ತಲು ವಿಂಡೋಸ್ ಬಿಡುವುದಿಲ್ಲ.

ಮಾಡಬೇಕಾದದ್ದು ಚಿಕ್ಕದು. ಅಡ್ಮಿನ್ ಖಾತೆಯಲ್ಲಿ ಒಮ್ಮೆ ಡೇಟಾ ಫೋಲ್ಡರಿನ ಪ್ರಾಪರ್ಟೀಸ್ ತೆರೆಯಿರಿ. ಸೆಕ್ಯೂರಿಟಿ ಟ್ಯಾಬ್, ಎಡಿಟ್, ಯೂಸರ್ಸ್, ಮಾಡಿಫೈ ಟಿಕ್. ಮುಗಿಯಿತು. ಫುಲ್ ಕಂಟ್ರೋಲ್ ಬೇಡ, ಅದರಲ್ಲಿ ಪರ್ಮಿಷನ್ನನ್ನೇ ಬದಲಿಸುವ ಅಧಿಕಾರವೂ ಸೇರಿದೆ. ಯೂಸರ್ಸ್ ಬದಲು ಎವ್ರಿಒನ್ ಆರಿಸುವುದೂ ಬೇಡ.

ಇಲ್ಲಿ ಎಡವುವವರು ಜಾಸ್ತಿ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಪರ್ಮಿಷನ್ ಕೊಡಬೇಕಾದದ್ದು ಎಂಡಿಬಿ ಫೈಲಿಗೆ ಮಾತ್ರ ಅಲ್ಲ, ಅದು ಇರುವ ಫೋಲ್ಡರಿಗೆ. ಎಂಡಿಬಿ ತೆರೆದ ಕೂಡಲೇ ಅದರ ಪಕ್ಕದಲ್ಲೇ ಎಲ್‌ಡಿಬಿ ಅನ್ನುವ ಲಾಕ್ ಫೈಲ್ ಹುಟ್ಟುತ್ತದೆ. ಯಾರು ಒಳಗಿದ್ದಾರೆ ಅನ್ನುವ ಲೆಕ್ಕ ಅದರಲ್ಲಿ. ಕೊನೆಯವರು ಮುಚ್ಚಿದಾಗ ಅದು ಅಳಿಯಬೇಕು. ಹೊಸ ಫೈಲ್ ಹುಟ್ಟಿಸುವ, ಅಳಿಸುವ ಹಕ್ಕು ಫೋಲ್ಡರಿನ ಮೇಲೆ ಇಲ್ಲದಿದ್ದರೆ ಲಾಕ್ ಫೈಲ್ ಹುಟ್ಟುವುದಿಲ್ಲ, ಎರಡನೆಯವರಿಗೆ ಬಾಗಿಲು ಮುಚ್ಚುತ್ತದೆ. "ಫೈಲಿಗೆ ಪರ್ಮಿಷನ್ ಕೊಟ್ಟಿದ್ದೀನಿ ಸಾರ್, ಆದ್ರೂ ಎರರ್" ಅನ್ನುವವರ ಕಥೆ ಬಹುಪಾಲು ಇದೇ.

ಹಾಗಂತ ಇಡೀ ಪ್ರೋಗ್ರಾಂ ಫೈಲ್ಸ್ ತೆರೆದಿಡಬೇಡಿ. ಎಕ್ಸಿ ಫೈಲ್, ಅಂದರೆ ಓಡುವ ಪ್ರೋಗ್ರಾಂ ಇರುವ ಕಡೆ ಎಲ್ಲರೂ ಬರೆಯಬಹುದಾದರೆ, ಗುಮಾಸ್ತರ ಪೆನ್‌ಡ್ರೈವ್‌ನಿಂದ ಬಂದ ವೈರಸ್ಸೂ ಬರೆಯಬಹುದು. ನಾಳೆ ಅಡ್ಮಿನ್ ಬಂದು ಆ ಎಕ್ಸಿ ತೆರೆದರೆ ಕಂಪ್ಯೂಟರೇ ವೈರಸ್ಸಿನ ಕೈಗೆ. ಡೇಟಾ ಎಲ್ಲಿರಬೇಕು ಅನ್ನುವುದನ್ನು ಬದಲಿಸಲು ಕೆಲವು ಸಾಫ್ಟ್‌ವೇರ್‌ಗಳ ಐಎನ್‌ಐ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಇರುತ್ತದೆ. ಇದ್ದರೆ ಡೇಟಾಗೆ ಬೇರೆ ಫೋಲ್ಡರ್ ಮಾಡಿ. ಇಲ್ಲದಿದ್ದರೆ ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿ ಕೇಳಿ. ಸ್ವಲ್ಪ ಗದರಿದರೂ ಪರವಾಗಿಲ್ಲ.

ಪರ್ಮಿಷನ್ ಕೊಟ್ಟ ಮೇಲೂ ಒಂದು ಭೂತ ಉಳಿಯುತ್ತದೆ. ಒಂದು ಸಂಘದಲ್ಲಿ ಇಬ್ಬರು ಗುಮಾಸ್ತರು, ಒಂದೇ ಕಂಪ್ಯೂಟರ್, ಬೇರೆ ಬೇರೆ ಲಾಗಿನ್. ಬೆಳಿಗ್ಗೆಯವರು ಹಾಕಿದ ರಸೀದಿ ಮಧ್ಯಾಹ್ನದವರಿಗೆ ಕಾಣುತ್ತಿರಲಿಲ್ಲ. ನೀನು ಅಳಿಸಿದೆ, ಇಲ್ಲ ನೀನೇ ಹಾಕಿಲ್ಲ ಅಂತ ಮಾತೇ ಬಿಟ್ಟಿದ್ದರು. ಇಬ್ಬರೂ ಪಾಪದವರು. ತಪ್ಪು ವಿಂಡೋಸಿನ ಉಪಕಾರಬುದ್ಧಿಯದು. ಇಂಥ ಹಳೇ 32 ಬಿಟ್ ಪ್ರೋಗ್ರಾಂ ಬರೆಯಬಾರದ ಕಡೆ ಬರೆಯಲು ಹೋದರೆ, ವಿಂಡೋಸ್ ಎರರ್ ಕೊಡದೆ ಆ ಯೂಸರಿನ ಆ್ಯಪ್‌ಡೇಟಾ, ಲೋಕಲ್ ಒಳಗಿನ ವರ್ಚುವಲ್‌ಸ್ಟೋರ್ ಫೋಲ್ಡರಿಗೆ ಫೈಲಿನ ನಕಲು ಮಾಡಿ ಅದರಲ್ಲಿ ಬರೆಯಲು ಬಿಡುತ್ತದೆ. ಇಬ್ಬರಿಗೆ ಎರಡು ನಕಲು. ಅಧ್ಯಕ್ಷರು ಅಡ್ಮಿನ್ ಆಗಿ ತೆರೆದರೆ ಮೂರನೆಯದು, ಅಸಲಿ. ದಿನಾ ಬ್ಯಾಕಪ್ ಆಗುತ್ತಿದ್ದದ್ದೂ ಆ ಅಸಲಿಯೇ, ಅದರಲ್ಲಿ ಹೊಸ ರಸೀದಿ ಒಂದೂ ಇರಲಿಲ್ಲ. ಕೊನೆಗೆ ಇಬ್ಬರೂ ಜೊತೆಗೆ ಕೂತು ರಸೀದಿ ಪುಸ್ತಕ ನೋಡಿಕೊಂಡು ಮತ್ತೆ ಎಂಟ್ರಿ ಹೊಡೆದರು.

ಆದ್ದರಿಂದ ಪರ್ಮಿಷನ್ ಕೊಡುವ ಮುಂಚೆ ಪ್ರತಿ ಯೂಸರಿನ ವರ್ಚುವಲ್‌ಸ್ಟೋರ್ ತೆರೆದು ನೋಡಿ. ಅಲ್ಲಿ ನಕಲು ಉಳಿದಿದ್ದರೆ ಸಾಫ್ಟ್‌ವೇರ್ ಅದನ್ನೇ ಮೊದಲು ಓದುತ್ತದೆ, ನೀವು ಹೊರಗೆ ಏನೇ ಸರಿ ಮಾಡಿದರೂ. ಆದರೆ ನೋಡಿದ ಕೂಡಲೇ ಅಳಿಸಬೇಡಿ. ಎಲ್ಲ ಪ್ರತಿಗಳನ್ನೂ ಮೊದಲು ಪೆನ್‌ಡ್ರೈವ್‌ಗೆ ಹಾಕಿ. ತಾಜಾ ಲೆಕ್ಕ ಯಾವುದರಲ್ಲಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಅದನ್ನು ಡೇಟಾ ಫೋಲ್ಡರಿಗೆ ಕಾಪಿ ಮಾಡಿ, ಆಮೇಲೆ ನಕಲುಗಳನ್ನು ತೆಗೆಯಿರಿ. ಕಟ್ ಪೇಸ್ಟ್ ಬೇಡ. ಒಂದೇ ಡ್ರೈವ್ ಒಳಗೆ ಕಟ್ ಮಾಡಿ ಹಾಕಿದ ಫೈಲು ಹಳೇ ಪರ್ಮಿಷನ್ನನ್ನೇ ಹೊತ್ತು ಬರಬಹುದು.