ಇಡೀ ಮೈಯ ರಕ್ತ, ಒಂದೇ ಶ್ವಾಸಕೋಶ

1933ರ ಏಪ್ರಿಲ್ 5ರಂದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಶಸ್ತ್ರವೈದ್ಯ ಇವಾರ್ಟ್ಸ್ ಗ್ರಹಾಂ, ಕ್ಯಾನ್ಸರ್ ತಗುಲಿದ್ದ ಎಡ ಶ್ವಾಸಕೋಶವನ್ನು ಪೂರ್ತಿಯಾಗಿ ಒಂದೇ ಸಲಕ್ಕೆ ತೆಗೆದರು. ರೋಗಿ ಪ್ರಸೂತಿ ವೈದ್ಯರು. ಆಮೇಲೆ ಸುಮಾರು 30 ವರ್ಷ ಬದುಕಿದರು. ಉಸಿರಾಡಲು ಒಂದೇ ಶ್ವಾಸಕೋಶ ಸಾಕೆಂದು ಗೊತ್ತಾಯಿತು. ಹೃದಯ ಇದನ್ನು ಹೇಗೆ ತಾಳಿಕೊಳ್ಳುತ್ತದೆ ಎಂಬುದು ಮಾತ್ರ ತಿಳಿದಿರಲಿಲ್ಲ. ಹೃದಯದೊಳಗಿನ ಒತ್ತಡ ಅಳೆಯುವ ದಾರಿಯೇ ಇನ್ನೂ ತೆರೆದಿರಲಿಲ್ಲ.

ಆ ದಾರಿ ತೆರೆದದ್ದು 1940ರ ದಶಕದಲ್ಲಿ. ನ್ಯೂಯಾರ್ಕ್‌ನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಆಂಡ್ರೆ ಕೂರ್ನಾಂಡ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ತೋಳಿನ ರಕ್ತನಾಳದಿಂದ ಬಲ ಹೃದಯದವರೆಗೆ ಕ್ಯಾಥೆಟರ್ (ತೆಳುವಾದ ಕೊಳವೆ) ಹಾಯಿಸಿದರು. ಒಂದು ಶ್ವಾಸಕೋಶ ಕಳೆದುಕೊಂಡವರಲ್ಲೂ, ಉಳಿದದ್ದು ಆರೋಗ್ಯವಾಗಿದ್ದರೆ, ಮಲಗಿದ್ದಾಗ ಶ್ವಾಸಕೋಶದ ಅಪಧಮನಿಯ ಒತ್ತಡ ಬಹುಮಟ್ಟಿಗೆ ಸಹಜವಾಗಿತ್ತು. ದುಡಿಮೆಗಿಳಿದರೆ ಏರುತ್ತಿತ್ತು.

ಕಾರಣ ಸರಳ. ಆರೋಗ್ಯವಂತರಲ್ಲಿ ವಿಶ್ರಾಂತಿಯ ವೇಳೆ ಶ್ವಾಸಕೋಶದ ಎಷ್ಟೋ ಲೋಮನಾಳಗಳು (ಅತಿ ಸಣ್ಣ ರಕ್ತನಾಳಗಳು) ಮುಚ್ಚಿಕೊಂಡಿರುತ್ತವೆ. ಮೆಟ್ಟಿಲು ಹತ್ತುವಾಗ ತೆರೆದುಕೊಂಡು ಹೆಚ್ಚಿನ ರಕ್ತಕ್ಕೆ ಎಡೆ ಕೊಡುತ್ತವೆ. ಒಂದು ಶ್ವಾಸಕೋಶ ಹೋದರೆ ಈ ಮೀಸಲು ಸುಮ್ಮನೆ ಕೂತಾಗಲೇ ಖರ್ಚಾಗುತ್ತದೆ. ಶ್ವಾಸಕೋಶಕ್ಕೆ ರಕ್ತ ತಳ್ಳುವ ಬಲ ಹೃತ್ಕುಕ್ಷಿಯ ಗೋಡೆ ಬರೀ 3ರಿಂದ 5 ಮಿ.ಮೀ. ದಪ್ಪ, ಸುಮಾರು 14 ಮಿ.ಮೀ. ಪಾದರಸದ ಸರಾಸರಿ ಒತ್ತಡಕ್ಕೆ ಒಗ್ಗಿದ್ದು. ಒತ್ತಡ ದಿಢೀರನೆ ಏರಿದರೆ ಅದು ಹಿಗ್ಗುತ್ತದೆ, ಸೋಲುತ್ತದೆ. ಆದ್ದರಿಂದ ಮಲಗಿಸಿ ತೆಗೆದ ಎಕೋ (ಹೃದಯದ ಸ್ಕ್ಯಾನ್) ಒಂದನ್ನೇ ನಂಬಿ ಶಸ್ತ್ರಕ್ರಿಯೆಗೆ ಒಪ್ಪಿಗೆ ಕೊಡುವುದು ತಪ್ಪು. ವ್ಯಾಯಾಮ ಪರೀಕ್ಷೆಯಲ್ಲಿ ಗರಿಷ್ಠ ಆಮ್ಲಜನಕ ಬಳಕೆ ನಿಮಿಷಕ್ಕೆ ಕಿಲೋಗೆ 20 ಮಿ.ಲೀ. ದಾಟಿದರೆ ಧೈರ್ಯ, 10ಕ್ಕಿಂತ ಕಡಿಮೆಯಿದ್ದರೆ ಅಪಾಯ ಬಹಳ.

1984ರಲ್ಲಿ ಝೆಲ್ಡಿನ್ ಎಂಬ ವೈದ್ಯರು ಮತ್ತು ಸಂಗಡಿಗರು ಇನ್ನೊಂದು ಗಂಡಾಂತರವನ್ನು ಮುಂದಿಟ್ಟರು: ಉಳಿದ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು. ಬಲಭಾಗ ತೆಗೆದವರಲ್ಲಿ ಇದು ಹೆಚ್ಚು, ಏಕೆಂದರೆ ಸುಮಾರು 55% ರಕ್ತ ಹರಿಯುವುದು ಬಲ ಶ್ವಾಸಕೋಶಕ್ಕೇ. ಆಗ ತಪ್ಪೆಲ್ಲ ಸಲೈನ್‌ನದೆಂದು ತೋರಿತ್ತು. ಈಗ ಗೊತ್ತಿರುವಂತೆ ಲೋಮನಾಳಗಳು ಸೋರುವುದು, ಸೋರಿದ ನೀರನ್ನು ಒಯ್ಯುವ ದುಗ್ಧನಾಳಗಳು ಕತ್ತರಿಸಿಹೋಗುವುದು, ವೆಂಟಿಲೇಟರ್ ಅತಿಯಾಗಿ ಉಬ್ಬಿಸುವುದು ಕೂಡ ಕಾರಣ. ಹಾಗಿದ್ದರೂ ದ್ರವದ ಮೇಲೆ ಹಿಡಿತ ಬೇಕೇ ಬೇಕು: ಮೊದಲ 24 ಗಂಟೆಗಳಲ್ಲಿ ಹೊರಹೋದದ್ದಕ್ಕಿಂತ ಒಳಗುಳಿದ ದ್ರವ ಕಿಲೋಗೆ 20 ಮಿ.ಲೀ. ಮೀರಬಾರದು, ಅಂದರೆ 60 ಕಿಲೋ ತೂಕದವರಿಗೆ 1,200 ಮಿ.ಲೀ. ಒಂದೇ ಶ್ವಾಸಕೋಶಕ್ಕೆ ಗಾಳಿ ಕೊಡುವಾಗ ಪ್ರತಿ ಉಸಿರಿಗೆ, ದೇಹದ ಆದರ್ಶ ತೂಕದ ಲೆಕ್ಕದಲ್ಲಿ, ಕಿಲೋಗೆ 4ರಿಂದ 6 ಮಿ.ಲೀ. ಸಾಕು.

ಶಸ್ತ್ರಕ್ರಿಯೆಯ ನಂತರ ಎರಡು, ಮೂರನೇ ದಿನ ನಾಡಿ ಲಯ ತಪ್ಪಿ ಓಡುವುದು ಸಾಮಾನ್ಯ. ಪೊಟ್ಯಾಶಿಯಂ, ಮೆಗ್ನೀಶಿಯಂ ನೋಡಿ ಸರಿಪಡಿಸಬೇಕು.

ಅಪರೂಪವಾದರೂ ಭೀಕರವಾದದ್ದು ಹೃದಯವೇ ಜಾರುವುದು. ಗೆಡ್ಡೆ ಬಿಡಿಸಲು ಹೃದಯದ ಹೊರಚೀಲ ಕತ್ತರಿಸಿ ಹಾಗೇ ಬಿಟ್ಟರೆ, ಖಾಲಿಯಾದ ಪಕ್ಕಕ್ಕೆ ಮಗ್ಗುಲಾದಾಗ ಹೃದಯ ಆ ಕಿಂಡಿಯಿಂದ ಹೊರಬೀಳಬಹುದು. ಬಲಗಡೆಯಾದರೆ ಮಹಾಸಿರೆಗಳು ತಿರುಚಿಕೊಂಡು ರಕ್ತ ಹೃದಯಕ್ಕೆ ಬರುವುದೇ ನಿಲ್ಲುತ್ತದೆ, ಬಿಪಿ ಕುಸಿಯುತ್ತದೆ. ಎದೆಯ ಡ್ರೈನ್‌ಗೆ (ದ್ರವ ಹೊರಬಿಡುವ ಕೊಳವೆಗೆ) ಸಕ್ಷನ್ ಕೊಟ್ಟು ಹೀರಿದರೂ ಇದೇ ಗತಿಯಾದೀತು. ತಕ್ಷಣ ಶಸ್ತ್ರಕ್ರಿಯೆಯಾದ ಪಕ್ಕ ಮೇಲೆ ಬರುವಂತೆ ಮಲಗಿಸಿ, ಎಕ್ಸ್‌ರೇಗೆ ಕಾಯುತ್ತ ಕೂರದೆ ಥಿಯೇಟರಿಗೆ ಒಯ್ದು ಎದೆ ತೆರೆದು, ಹೃದಯವನ್ನು ಸ್ವಸ್ಥಾನಕ್ಕೆ ತಂದು ಕಿಂಡಿಗೆ ತೇಪೆ ಹಾಕಬೇಕು.